ಕಾಂಕ್ರೀಟ್ ಮೇಜು, ಕಾಂಕ್ರೀಟ್ ಅಗ್ಗಿಷ್ಟಿಕೆ: ಕೊಳ್ಳುವ ಮುಂಚೆ, ಕೊಂಡ ಮೇಲೆ

ನನ್ನ ಕಾಂಕ್ರೀಟ್ ಮೇಜು ಮನೆಗೆ ಬಂದ ಮೂರನೇ ವಾರ. ರಾತ್ರಿ ಅರ್ಧ ನಿಂಬೆಹಣ್ಣು ಹಿಂಡಿ, ಕತ್ತರಿಸಿದ ಕಡೆ ಕೆಳಗಾಗುವಂತೆ ಮೇಜಿನ ಮೇಲಿಟ್ಟು ಮರೆತು ಮಲಗಿದ್ದೆ. ಬೆಳಗ್ಗೆ ನೋಡಿದರೆ ಬಳೆಯಷ್ಟು ಅಗಲದ ಬಿಳಿಚಿಕೊಂಡ ಗುರುತು. ಒರೆಸಿದೆ, ಹೋಗಲಿಲ್ಲ. ಬೆರಳಾಡಿಸಿದರೆ ಅಲ್ಲಿ ಮಾತ್ರ ತರಿತರಿ. ಕಲೆ ಅಲ್ವಾ, ಜೋರಾಗಿ ಉಜ್ಜಿದರೆ ಹೋಗುತ್ತೆ ಅಂದುಕೊಂಡು ಬಚ್ಚಲು ತೊಳೆಯುವ ದ್ರಾವಣ ಹಾಕಿ ಉಜ್ಜಿದೆ. ಬಳೆಯಷ್ಟಿದ್ದದ್ದು ತಟ್ಟೆಯಷ್ಟಾಯಿತು.

ಅದು ಕಲೆಯೇ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಕಾಂಕ್ರೀಟನ್ನು ಹಿಡಿದಿಟ್ಟಿರುವ ಸಿಮೆಂಟು ಸುಣ್ಣದ ಜಾತಿಯದು, ಅಂದರೆ ಕ್ಷಾರ. ಹುಳಿ ಬಿದ್ದರೆ ಆ ಸಿಮೆಂಟು ಕರಗುತ್ತದೆ. ಮೇಲಿನ ನುಣುಪು ಪದರ ಕರಗಿ ಹೋಗಿ ಒಳಗಿನ ಮರಳಿನ ಕಣ ಹೊರಗೆ ಕಾಣುತ್ತದೆ. ನಾನು ಹಾಕಿದ ಬಚ್ಚಲಿನ ದ್ರಾವಣವೂ ಆಮ್ಲವೇ. ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಆವತ್ತಿನಿಂದ ನಾನು ಕಾಂಕ್ರೀಟನ್ನು ಕಲ್ಲು ಅಂತ ನೋಡುವುದು ಬಿಟ್ಟೆ. ಅದು ಗಟ್ಟಿ, ನಿಜ. ಆದರೆ ಒಳಗೆಲ್ಲ ಕಣ್ಣಿಗೆ ಕಾಣದ ತೂತು. ನೀರು, ಎಣ್ಣೆ ಎರಡನ್ನೂ ಹೀರುತ್ತದೆ. ಅದನ್ನು ಕಾಯುವುದು ಮೇಲೆ ಬಳಿದ ತೆಳ್ಳನೆ ಸೀಲರ್ ಒಂದೇ. ನೀವು ದುಡ್ಡು ಕೊಡುವುದು ಒಳಗಿನ ಕಾಂಕ್ರೀಟಿಗೆ, ವರ್ಷಗಟ್ಟಲೆ ಆರೈಕೆ ಮಾಡುವುದು ಮಾತ್ರ ಮೇಲಿನ ಸೀಲರ್‌ಗೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ರೂಢಿಯಾದರೆ ಮುಂದಿನದೆಲ್ಲ ಸುಲಭ.

ಮೊದಲು ಬಗ್ಗಿ ನೋಡಿ

ಅಂಗಡಿಯಲ್ಲಿ ಎಲ್ಲರೂ ಮೇಜಿನ ಮೇಲ್ಭಾಗ ಸವರಿ ನೋಡುತ್ತಾರೆ. ನೀವು ಬಗ್ಗಿ ಅಡಿಭಾಗ ನೋಡಿ. ನಿಜವಾದ ಕಾಂಕ್ರೀಟಾದರೆ ಅಡಿಯಲ್ಲೂ ಕಾಂಕ್ರೀಟೇ ಇರುತ್ತದೆ, ಸ್ವಲ್ಪ ಒರಟಾಗಿ. ಪ್ಲೈವುಡ್ಡೋ ಒತ್ತಿದ ಮರದ ಹಲಗೆಯೋ ಕಂಡರೆ ಅದು ಮರದ ಮೇಜಿಗೆ ಎರಡು ಮೂರು ಮಿಲಿಮೀಟರ್ ಸಿಮೆಂಟು ಬಳಿದದ್ದು. ಮೈಕ್ರೋಸಿಮೆಂಟ್ ಅಂತ ಕರೆಯುತ್ತಾರೆ. ಅದೇನು ಮೋಸದ ಮಾಲಲ್ಲ. ಹಗುರ, ನೋಡಲೂ ಚೆಂದ. ಆದರೆ ನೀರು ಒಳಗಿಳಿದರೆ ಹಲಗೆ ಉಬ್ಬಿ ಮೇಲಿನ ಪದರ ಒಡೆಯುತ್ತದೆ. ಕಾಂಕ್ರೀಟ್ ಅಂತ ಹೇಳಿ, ಕಾಂಕ್ರೀಟಿನ ಬೆಲೆ ಹಾಕಿ ಅದನ್ನು ಮಾರಿದರೆ ಮಾತ್ರ ತಕರಾರು ತೆಗೆಯಿರಿ.

ಆಮೇಲೆ ತೂಕ. ಇದನ್ನು ಜನ ಕೊನೆಗೆ ಯೋಚಿಸುತ್ತಾರೆ, ಅದೂ ಲಾರಿ ಮನೆ ಮುಂದೆ ನಿಂತ ಮೇಲೆ. ಮಾಮೂಲಿ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2400 ಕೆಜಿ ತೂಗುತ್ತದೆ. 180 ಸೆಂಟಿಮೀಟರ್ ಉದ್ದ, 90 ಅಗಲ, 5 ದಪ್ಪದ ಊಟದ ಮೇಜಿನ ಹಲಗೆಯೊಂದೇ ಸುಮಾರು 195 ಕೆಜಿ ಆಗುತ್ತದೆ. ಕಾಲಿನ ಲೆಕ್ಕ ಬೇರೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆಜಿ ಭಾರ ಹಿಡಿದು ವಿನ್ಯಾಸ ಮಾಡಿರುತ್ತಾರೆ. ಮೇಜಿನ ಭಾರ ಹರಡಿಕೊಂಡರೆ ಸರಿಹೋಗುತ್ತದೆ, ಆದರೆ ಎಲ್ಲ ಭಾರವೂ ನಾಲ್ಕು ಸಣ್ಣ ಕಾಲಿನ ಮೇಲೆ ನಿಂತರೆ ಲೆಕ್ಕ ಬೇರೆಯೇ. ಮಹಡಿಯ ಮೇಲೆ ಮರದ ನೆಲ ಇದ್ದರಂತೂ ಕೊಳ್ಳುವ ಮುಂಚೆ ಎಂಜಿನಿಯರಿಗೆ ತೋರಿಸಿ. ಮೆಟ್ಟಿಲಿನ ತಿರುವಿನಲ್ಲಿ ಅದು ಹಿಡಿಸುತ್ತದಾ, ಬಾಗಿಲಲ್ಲಿ ದಾಟುತ್ತದಾ ಅಂತ ಟೇಪು ಹಿಡಿದು ಅಳೆದುಕೊಂಡು ಹೋಗಿ.

ಭಾರ ಬೇಡ ಅನ್ನುವವರಿಗೆ ಗಾಜಿನ ನಾರು ಬೆರೆಸಿದ ಕಾಂಕ್ರೀಟು ಇದೆ. ಮಾರುವವರು ಜಿಎಫ್‌ಆರ್‌ಸಿ ಅನ್ನುತ್ತಾರೆ. ಇದರಲ್ಲಿ ಜಲ್ಲಿ ಇರುವುದಿಲ್ಲ. ನಾರು ಎಳೆತ ತಡೆಯುವುದರಿಂದ ಎರಡು ಸೆಂಟಿಮೀಟರ್ ದಪ್ಪದ ಚಿಪ್ಪು ಸಾಕು, ಅಂಚನ್ನು ಮಾತ್ರ ಕೆಳಗೆ ಇಳಿಸಿ ದಪ್ಪವಾಗಿ ಕಾಣುವ ಹಾಗೆ ಮಾಡುತ್ತಾರೆ. ಅದೇ ಅಳತೆಯ ಮೇಜು ಮೂರರಲ್ಲೊಂದು ಭಾಗದಷ್ಟು ತೂಕಕ್ಕೆ ಬಂದುಬಿಡುತ್ತದೆ. ಮನೆಯೊಳಗಿನ ಸಾಮಾನಿಗೆ ನಾನಾದರೆ ಇದನ್ನೇ ಆರಿಸುತ್ತೇನೆ. ಒಂದೇ ಒಂದು ಪ್ರಶ್ನೆ ಕೇಳಬೇಕು: ನಾರು ಕ್ಷಾರ ತಡೆಯುವ ಜಾತಿಯದಾ? ಮಾಮೂಲಿ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ವರ್ಷ ಕಳೆದಂತೆ ತಿಂದುಹಾಕುತ್ತದೆ. ಜಿರ್ಕೋನಿಯಾ ಬೆರೆಸಿದ ಗಾಜು ತಡೆದುಕೊಳ್ಳುತ್ತದೆ. ಈ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುವವನಿಗೆ ಕೆಲಸ ಗೊತ್ತು ಅಂತ ಅರ್ಥ.

ದಪ್ಪ ಹಲಗೆಯಾದರೆ ಒಳಗೆ ಕಬ್ಬಿಣದ ಜಾಲರಿಯೋ ಸರಳೋ ಇದೆಯಾ, ಅದು ಅಂಚಿನಿಂದ ಎಷ್ಟು ಒಳಗಿದೆ ಅಂತ ಕೇಳಿ. ಕಾಂಕ್ರೀಟು ಒತ್ತಡ ಎಷ್ಟು ಬೇಕಾದರೂ ತಡೆಯುತ್ತದೆ, ಎಳೆತಕ್ಕೆ ಮಾತ್ರ ಬಲು ದುರ್ಬಲ. ಒತ್ತಡದ ಬಲದಲ್ಲಿ ಹತ್ತರಲ್ಲೊಂದು ಪಾಲು ಅಂತ ಇಟ್ಟುಕೊಳ್ಳಿ. ಉದ್ದ ಮೇಜಿಗೆ, ಅದರಲ್ಲೂ ಎರಡೇ ಕಾಲಿನ ಬೆಂಚಿಗೆ, ಅಡಿಭಾಗದಲ್ಲಿ ಎಳೆತ ಬೀಳುತ್ತದೆ. ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಒಂದು ದಿನ ಯಾರೋ ಧೊಪ್ಪನೆ ಕೂತಾಗ ನಡುವೆ ಬಿರುಕು ಬಿಡುತ್ತದೆ.

ಯಾವತ್ತು ಎರಕ ಹಾಕಿದ್ದು ಅನ್ನುವುದೂ ಮುಖ್ಯ. ಕಾಂಕ್ರೀಟಿನ ಬಲವನ್ನು 28ನೇ ದಿನಕ್ಕೆ ಅಳೆಯುವುದು ರೂಢಿ. ಹೋದ ವಾರ ಅಚ್ಚಿನಿಂದ ತೆಗೆದದ್ದನ್ನು ಸೀಲರ್ ಬಳಿದು ಈ ವಾರ ಕಳಿಸಿದರೆ ಒಳಗೆ ತೇವ ಇನ್ನೂ ಉಳಿದಿರುತ್ತದೆ. ಆಮೇಲೆ ಮೇಲಿನ ಪದರ ಗುಳ್ಳೆ ಏಳುತ್ತದೆ, ಮಸುಕಾಗುತ್ತದೆ. ಅವಸರ ಮಾಡಬೇಡಿ, ನಾಲ್ಕು ವಾರ ಕಾಯುತ್ತೇನೆ ಅಂತ ನೀವೇ ಹೇಳಿಬಿಡಿ.

ಅಂಚು ಚೂಪಾಗಿದ್ದರೆ ಫೋಟೋದಲ್ಲಿ ಚೆನ್ನಾಗಿರುತ್ತದೆ. ಮನೆಯಲ್ಲಿ ಮೊದಲು ಚಕ್ಕೆ ಏಳುವುದು ಆ ಅಂಚೇ, ಮಗುವಿನ ಹಣೆಗೆ ತಾಗುವುದೂ ಅದೇ. ಮೂರು ನಾಲ್ಕು ಮಿಲಿಮೀಟರ್ ಆದರೂ ಉಜ್ಜಿ ದುಂಡಗೆ ಮಾಡಿಸಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗಾಳಿ ತೂತು ಇದ್ದರೆ ಅದು ದೋಷ ಅಂದುಕೊಳ್ಳಬೇಡಿ, ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿ ಅಷ್ಟೆ. ನನಗೆ ಅದೇ ಇಷ್ಟ. ಊಟದ ಮೇಜಿಗೆ ಮಾತ್ರ ತೂತು ತುಂಬಿಸಿದ್ದೇ ಬೇಕು. ಇಲ್ಲದಿದ್ದರೆ ತಿಂಡಿಯ ಪುಡಿಯೆಲ್ಲ ಅದರೊಳಗೆ.

ಹಳೇ ಸಾಮಾನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ತೆಳ್ಳಗೆ ಬಾಗಿಸಿದ ಹಳೆಯ ಸಿಮೆಂಟ್ ಕುರ್ಚಿ, ಹೂವಿನ ಕುಂಡ ಕಂಡರೆ ಆಸೆಯಾಗುತ್ತದೆ. ಸ್ವಿಸ್ ವಿನ್ಯಾಸಕಾರ ವಿಲ್ಲಿ ಗೂಲ್ 1954ರಲ್ಲಿ ರೂಪಿಸಿದ, ಒಂದೇ ಪಟ್ಟಿಯನ್ನು ಸುತ್ತಿ ಮಾಡಿದ ಕುರ್ಚಿ ಈಗಲೂ ಪ್ರಸಿದ್ಧ. ಮೊದಮೊದಲು ಬಂದವುಗಳಲ್ಲಿ ಇದ್ದದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆಮೇಲಿನವು ಕಲ್ನಾರು ಇಲ್ಲದೆ ಬಂದವು. ಆ ಕಾಲದ ಯಾವುದೇ ತೆಳು ನಾರು-ಸಿಮೆಂಟಿನ ಸಾಮಾನನ್ನು ಉಜ್ಜುವುದು, ಕೊರೆಯುವುದು, ಒಡೆಯುವುದು ಬೇಡ. ಕಲ್ನಾರಿನ ಧೂಳು ಉಸಿರಿಗೆ ಹೋಗುವುದೇ ಅಪಾಯ. ಮುರಿದದ್ದಿದ್ದರೆ ತರಲೇಬೇಡಿ.

ಸೀಲರ್ ಯಾವುದು?

ಮಾರುವವರನ್ನು ಬಿಡದೆ ಕೇಳಬೇಕಾದ ಪ್ರಶ್ನೆ ಇದು, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಂದು ವರ್ಷದ ಮೇಲೆ ಮತ್ತೆ ಬಳಿಯುವಾಗ ಹಳೆಯದು ಯಾವುದು ಅಂತ ಗೊತ್ತಿಲ್ಲದಿದ್ದರೆ ಹೊಸದು ಅದರ ಮೇಲೆ ಹಿಡಿಯದೆ ಸಿಪ್ಪೆ ಎದ್ದು ಬರುವ ಸಾಧ್ಯತೆ ಇರುತ್ತದೆ.

ಸೀಲರ್‌ಗಳಲ್ಲಿ ಎರಡು ಜಾತಿ. ಸೈಲೇನ್, ಸಿಲೋಕ್ಸೇನ್ ಅನ್ನುವಂಥವು ಒಳಗಿಳಿಯುತ್ತವೆ. ತೂತಿನೊಳಗೆ ಕೂತು ನೀರನ್ನು ದೂರ ತಳ್ಳುತ್ತವೆ. ಮೇಲೆ ಪದರ ಕಾಣುವುದಿಲ್ಲ, ಕಾಂಕ್ರೀಟು ಕಾಂಕ್ರೀಟಿನ ಹಾಗೇ ಇರುತ್ತದೆ, ಬಿಸಿಗೂ ಜಗ್ಗುವುದಿಲ್ಲ. ಆದರೆ ಹುಳಿ ಬಿದ್ದರೆ ಕೈ ಕೊಟ್ಟುಬಿಡುತ್ತವೆ. ನನ್ನ ಮೇಜಿಗೆ ಇದ್ದದ್ದು ಅದೇ. ಇನ್ನೊಂದು ಜಾತಿ ಮೇಲೆ ಪದರ ಕಟ್ಟುವಂಥದ್ದು: ಅಕ್ರಿಲಿಕ್, ಪಾಲಿಯುರೆಥೇನ್, ಎಪಾಕ್ಸಿ. ಹುಳಿ, ಎಣ್ಣೆ ಎರಡನ್ನೂ ತಡೆಯುವುದರಲ್ಲಿ ಒಳ್ಳೆಯ ಪಾಲಿಯುರೆಥೇನ್ ಎತ್ತಿದ ಕೈ. ಆದರೆ ಬಿಸಿ ಪಾತ್ರೆ ಇಟ್ಟರೆ ಗುರುತು ಬೀಳುತ್ತದೆ, ಚಾಕು ಎಳೆದರೆ ಗೀರು ಉಳಿಯುತ್ತದೆ. ಅಕ್ರಿಲಿಕ್ ಬಳಿಯಲು ಸುಲಭ, ಬೇಗ ಸವೆಯುತ್ತದೆ, ಕಾವಿಗೆ ಮೆತ್ತಗಾಗುತ್ತದೆ.

ಹಾಗಾದರೆ ಯಾವುದು? ಅಡುಗೆಮನೆ ಕಟ್ಟೆ, ಊಟದ ಮೇಜು ಇವಕ್ಕೆ ಪಾಲಿಯುರೆಥೇನ್. ಹೊರಗಿನ ಬೆಂಚು, ಹೂಕುಂಡ, ಅಗ್ಗಿಷ್ಟಿಕೆಗೆ ಒಳಗಿಳಿಯುವಂಥದ್ದು. ಓದುವ ಮೇಜಿಗೆ, ಹಾಸಿಗೆ ಪಕ್ಕದ ಸಣ್ಣ ಸ್ಟೂಲಿಗೆ ಯಾವುದಾದರೂ ಸರಿ, ಮೇಣವೊಂದೇ ಇದ್ದರೂ ನಡೆಯುತ್ತದೆ. ಆಹಾರ ತಾಗುವ ಕಡೆ ಸೀಲರ್ ಡಬ್ಬಿಯ ಮೇಲೆ ಅದಕ್ಕೆ ಸುರಕ್ಷಿತ ಅಂತ ಬರೆದಿದೆಯಾ ನೋಡಿಕೊಳ್ಳಿ.

ಸಾಗಿಸುವಾಗ ನಿಲ್ಲಿಸಿ ಹಿಡಿಯಿರಿ

ಹಲಗೆಯನ್ನು ಮಲಗಿಸಿ ಎರಡು ತುದಿಯಲ್ಲಿ ಇಬ್ಬರು ಹಿಡಿದು ನಡೆದರೆ ನಡುಭಾಗ ತನ್ನ ಭಾರಕ್ಕೇ ಬಾಗುತ್ತದೆ. ಮೊದಲೇ ಹೇಳಿದೆನಲ್ಲ, ಎಳೆತಕ್ಕೆ ಅದು ದುರ್ಬಲ. ಗಾಜಿನ ಹಲಗೆ ಸಾಗಿಸುವ ಹಾಗೆ ಅಂಚಿನ ಮೇಲೆ ನಿಲ್ಲಿಸಿಯೇ ಎತ್ತಬೇಕು, ನಿಲ್ಲಿಸಿಯೇ ಇಡಬೇಕು, ಲಾರಿಯಲ್ಲೂ ನಿಲ್ಲಿಸಿ ಕಟ್ಟಬೇಕು. ಕೆಳಗೆ ಹಳೇ ಕಂಬಳಿಯೋ ರಬ್ಬರೋ ಇರಲಿ. ಮೂಲೆಯ ಮೇಲೆ ಮಾತ್ರ ಊರಬೇಡಿ, ಒಂದೇ ಏಟಿಗೆ ಚಕ್ಕೆ ಹಾರುತ್ತದೆ.

ಜಾಗಕ್ಕೆ ಬಂದ ಮೇಲೆ ರಸಮಟ್ಟ ಇಟ್ಟು ನೋಡಿ. ನೆಲ ಓರೆಯಿದ್ದು ಮೇಜು ಮೂರೇ ಕಾಲಿನ ಮೇಲೆ ನಿಂತರೆ ಹಲಗೆ ತಿರುಚಿಕೊಳ್ಳುತ್ತದೆ. ಮರವಾದರೆ ಒಗ್ಗಿಕೊಳ್ಳುತ್ತದೆ, ಇದು ಒಗ್ಗುವ ಸಾಮಾನಲ್ಲ. ಕಾಲಿಗೂ ಹಲಗೆಗೂ ನಡುವೆ ರಬ್ಬರ್ ಬಿಲ್ಲೆ ಹಾಕಿ ಸಮ ಮಾಡಿ. ಇಟ್ಟ ಮೇಲೆ ಎಳೆದಾಡಬೇಡಿ.

ದಿನದ ಕೆಲಸ

ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಮೆತ್ತನೆ ಬಟ್ಟೆ, ಬೆಚ್ಚನೆ ನೀರು, ಆಮ್ಲವೂ ಕ್ಷಾರವೂ ಅಲ್ಲದ ತಟಸ್ಥ ಸೋಪಿನ ನಾಲ್ಕು ಹನಿ. ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ವಿನೆಗರ್ ಬೇಡ, ನಿಂಬೆ ವಾಸನೆಯ ಕ್ಲೀನರ್ ಹುಡುಕಿ ತರುವುದು ಬೇಡ, ಬ್ಲೀಚ್ ಬೇಡ, ತಂತಿ ಉಜ್ಜು ಬೇಡ. ತಂತಿಯ ತುಂಡು ಗಾಳಿ ತೂತಿನಲ್ಲಿ ಸಿಕ್ಕಿ ಒಂದು ವಾರಕ್ಕೆ ತುಕ್ಕಿನ ಚುಕ್ಕೆ ಬಿಡುತ್ತದೆ. ಹುಳಿ ಪದಾರ್ಥ, ವೈನ್, ಕಾಫಿ, ಟೊಮೆಟೊ ರಸ ಬಿದ್ದರೆ ಆಮೇಲೆ ಅಂತ ಬಿಡದೆ ಆಗಲೇ ಒರೆಸಿ. ಒರೆಸುವಾಗ ಹರಡಬೇಡಿ, ಬಟ್ಟೆಯಿಂದ ಒತ್ತಿ ಹೀರಿಸಿ.

ಲೋಟದ ಕೆಳಗೆ ಬಿಲ್ಲೆ, ಬಿಸಿ ಪಾತ್ರೆಯ ಕೆಳಗೆ ಮಣೆ. ಬಿಸಿಗೆ ಕಾಂಕ್ರೀಟು ಏನೂ ಆಗುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಕಾಂಕ್ರೀಟಿಗೆ ಆಗದೇ ಇರಬಹುದು, ಸೀಲರ್‌ಗೆ ಆಗುತ್ತದೆ. ಕಬ್ಬಿಣದ ಬುಡದ ದೀಪ, ಡಬ್ಬಿ ಒದ್ದೆ ಇದ್ದರೆ ತುಕ್ಕಿನ ಉಂಗುರ ಉಳಿಯುತ್ತದೆ, ಅದಕ್ಕೂ ಕೆಳಗೆ ಏನಾದರೂ ಹಾಕಿ.

ಸೀಲರ್ ಇನ್ನೂ ಬದುಕಿದೆಯಾ ಅಂತ ತಿಳಿಯಲು ಒಂದು ಚಮಚ ನೀರು ಸಾಕು. ಮೂರು ನಾಲ್ಕು ಕಡೆ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ಮಣಿಯ ಹಾಗೆ ನಿಂತಿದ್ದು, ಒರೆಸಿದ ಮೇಲೆ ಏನೂ ಕಾಣದಿದ್ದರೆ ಸರಿಯಿದೆ. ಕೆಳಗೆ ಕಪ್ಪಗೆ ಒದ್ದೆಯಾದ ಚುಕ್ಕೆ ಉಳಿದರೆ ಅಲ್ಲಿ ಸೀಲರ್ ಹೋಗಿದೆ. ಜನ ಹೆಚ್ಚು ಕೂರುವ ಕಡೆ, ತಟ್ಟೆ ಎಳೆಯುವ ಕಡೆ ಮೊದಲು ಹೋಗುತ್ತದೆ, ಹಾಗಾಗಿ ಅಲ್ಲೇ ಹನಿ ಹಾಕಿ ನೋಡಿ. ನಾನು ಆರು ತಿಂಗಳಿಗೊಮ್ಮೆ ನೋಡುತ್ತೇನೆ. ದಿನಾ ಬಳಸುವ ಮೇಜಿಗೆ ಒಂದರಿಂದ ಮೂರು ವರ್ಷಕ್ಕೆ ಮತ್ತೆ ಬಳಿಯುವ ಕೆಲಸ ಬರಬಹುದು. ನಡುವೆ ಮೂರು ನಾಲ್ಕು ತಿಂಗಳಿಗೊಮ್ಮೆ ತೆಳ್ಳಗೆ ಮೇಣ ಸವರಿ, ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿ ಹೊಳಪು ತಂದರೆ ಸೀಲರ್ ಸವೆಯುವುದು ನಿಧಾನವಾಗುತ್ತದೆ. ದಪ್ಪಗೆ ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಸೀಲರ್ ಮತ್ತೆ ಬಳಿಯುವ ದಿನ ಮೇಣವನ್ನು ಪೂರ್ತಿ ತೆಗೆಯಲೇಬೇಕು, ಅದರ ಮೇಲೆ ಯಾವ ಸೀಲರ್ರೂ ಹಿಡಿಯುವುದಿಲ್ಲ.

ಎಣ್ಣೆ ಇಳಿದುಹೋದರೆ ಅಡುಗೆ ಸೋಡಾ ತನ್ನಿ. ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಮರುದಿನ ಹಾಳೆ ತೆಗೆದು ಹಾಗೇ ಒಣಗಲು ಬಿಡಿ. ಒಣಗುತ್ತಾ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ. ಒಂದೇ ಸಲಕ್ಕೆ ಹೋಗಬೇಕು ಅಂತಿಲ್ಲ, ಎರಡು ಮೂರು ಸಲ ಮಾಡಬೇಕಾಗಬಹುದು.

ನಿಂಬೆಯ ಗುರುತು ಹೇಗೆ ತೆಗೆದೆ

ಕರಗಿಹೋದದ್ದು ವಾಪಸ್ ಬರುವುದಿಲ್ಲ. ಸುತ್ತಲಿನದನ್ನೂ ಅದರ ಮಟ್ಟಕ್ಕೆ ಇಳಿಸುವುದೊಂದೇ ದಾರಿ. ಕೈಯಲ್ಲಿ ಉಜ್ಜುವ ವಜ್ರದ ಪ್ಯಾಡು ತಂದೆ: 400, 800, 1500 ನಂಬರಿನವು. ನಂಬರು ಹೆಚ್ಚಾದಷ್ಟೂ ನುಣುಪು. ಮೊದಲು ಮೇಜಿನ ಅಡಿಯಲ್ಲಿ ಅಂಗೈಯಷ್ಟು ಜಾಗದಲ್ಲಿ ಉಜ್ಜಿ ನೋಡಿದೆ. ಆಮೇಲೆ ಮೇಲೆ ನೀರು ಚಿಮುಕಿಸಿ, 400ರಿಂದ ಶುರು ಮಾಡಿ, ಗುರುತಿಗಿಂತ ಎರಡು ಪಟ್ಟು ಅಗಲಕ್ಕೆ ಸುತ್ತು ಸುತ್ತಾಗಿ ಹಗುರವಾಗಿ ಉಜ್ಜಿದೆ. ಗುರುತಿನ ಮೇಲೇ ಒತ್ತಿ ಉಜ್ಜಬೇಕು ಅನ್ನಿಸುತ್ತದೆ, ಉಜ್ಜಿದರೆ ಅಲ್ಲೊಂದು ತಗ್ಗಾಗಿ ಮರಳು ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ಬೂದುಬಣ್ಣದ ಹಾಲಿನಂಥ ನೀರು ಬರುತ್ತದೆ, ಅದನ್ನು ಆಗಾಗ ಒರೆಸುತ್ತಿರಬೇಕು. ತರಿ ಕೈಗೆ ಸಿಗದಂತಾದ ಮೇಲೆ 800, ಕೊನೆಗೆ 1500. ಎರಡು ದಿನ ಒಣಗಲು ಬಿಟ್ಟು, ಸೀಲರನ್ನು ಎರಡು ಸಲ ತೆಳ್ಳಗೆ ಸವರಿ, ಮೇಲೆ ಉಳಿದದ್ದನ್ನು ಒರೆಸಿ ತೆಗೆದೆ. ಈಗ ಓರೆ ಬೆಳಕಿನಲ್ಲಿ ಹುಡುಕಿದರೆ ಒಂದು ಮೋಡದ ಹಾಗೆ ಕಾಣುತ್ತದೆ. ಬಂದವರು ಯಾರೂ ಗಮನಿಸಿಲ್ಲ.

ಒಣಗಿದ್ದನ್ನು ಉಜ್ಜಲೇಬೇಡಿ. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿಯೇ ಉಜ್ಜಿ, ಮುಖಕ್ಕೆ ಎನ್95 ಮಾಸ್ಕ್ ಇರಲಿ. ಮತ್ತೆ, ಈ ಉಪಾಯ ಒಳಗಿಳಿಯುವ ಸೀಲರ್ ಇರುವ ಮೇಜಿಗೆ ಮಾತ್ರ. ಮೇಲೆ ಪದರ ಕಟ್ಟಿದ ಸೀಲರ್ ಇದ್ದರೆ ತೇಪೆ ಹಾಕಿದ ಕಡೆ ಅಂಚು ಕಂಡೇ ಕಾಣುತ್ತದೆ, ಇಡೀ ಮೇಲ್ಮೈ ತೆಗೆದು ಹೊಸದಾಗಿ ಬಳಿಯಬೇಕು. ಅದನ್ನು ಕೆಲಸ ಗೊತ್ತಿರುವವರಿಗೆ ಬಿಡಿ.

ಕೂದಲೆಳೆಯಂಥ ಬಿರುಕು ಬಂದರೆ ಗಾಬರಿ ಬೇಡ. ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ, ಅದರ ಗುರುತು ಅದು. ಪೆನ್ಸಿಲಿನಿಂದ ಬಿರುಕಿನ ಎರಡು ತುದಿಗೂ ಸಣ್ಣ ಗೆರೆ ಹಾಕಿ ತಾರೀಕು ಬರೆದಿಡಿ. ಮೂರು ತಿಂಗಳಾದರೂ ಅಲ್ಲೇ ನಿಂತಿದ್ದರೆ ಬಿಟ್ಟುಬಿಡಿ, ಸೀಲರ್ ಬಳಿಯುವಾಗ ಅದರೊಳಗೂ ಒಂದಿಷ್ಟು ಇಳಿಯಲಿ. ಬೆಳೆಯುತ್ತಿದ್ದರೆ, ಉಗುರು ಸಿಕ್ಕುವಷ್ಟು ಅಗಲವಿದ್ದರೆ, ಅಥವಾ ಎರಡು ಬದಿ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಮಾತ್ರ ಮಾಡಿದವರನ್ನು ಕರೆಸಿ. ಚಕ್ಕೆ ಎದ್ದರೆ ಆ ಚಕ್ಕೆಯನ್ನು ಎಸೆಯಬೇಡಿ, ಎಪಾಕ್ಸಿ ಹಾಕಿ ಅದನ್ನೇ ವಾಪಸ್ ಕೂರಿಸುವುದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ. ಬಿಳಿ ಪುಡಿ ಎದ್ದರೆ ಅದು ಗೋಡೆಯಲ್ಲಿ ಉಪ್ಪೇಳುತ್ತದಲ್ಲ, ಅದೇ. ಒಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿ ತಾಗಿ ಬಿಳಿಯಾಗುತ್ತದೆ. ಒಣ ಬ್ರಷ್ಷಿನಿಂದ ತೆಗೆಯಿರಿ, ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಹೊರಗೆ ಇಡುವ ಸಾಮಾನಿಗೆ ಒಂದೇ ಮಾತು: ನೀರು ನಿಲ್ಲಬಾರದು. ಕೂರುವ ಜಾಗ ಸ್ವಲ್ಪ ಓರೆಯಿರಲಿ, ಕುಂಡಕ್ಕೆ ತೂತಿರಲಿ. ಹಿಮ ಬೀಳುವ ಕಡೆ ಇದು ಇನ್ನೂ ಮುಖ್ಯ. ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ, ತೂತಿನೊಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ.

ಅಗ್ಗಿಷ್ಟಿಕೆ: ಕಾಂಕ್ರೀಟು ಅಂಗಿ ಮಾತ್ರ

ಕಾಂಕ್ರೀಟಿಗೆ ಬೆಂಕಿ ಹತ್ತುವುದಿಲ್ಲ. ಹಾಗಂತ ಬೆಂಕಿಯನ್ನು ಅದರ ಮಡಿಲಲ್ಲಿ ಇಡಬಹುದು ಅಂತ ಅರ್ಥವಲ್ಲ. ಈ ಎರಡನ್ನು ಒಂದೇ ಅಂದುಕೊಂಡು ಎಷ್ಟೋ ಜನ ಮನೆಯಲ್ಲೇ ಬಕೆಟ್ಟಿನ ಅಚ್ಚಿನಲ್ಲಿ ಬೆಂಕಿ ಬೋಗುಣಿ ಎರಕ ಹಾಕಿಕೊಳ್ಳುತ್ತಾರೆ. ಒಳಗೆ ಉಳಿದ ತೇವ 100 ಡಿಗ್ರಿ ದಾಟಿದರೆ ಹಬೆಯಾಗುತ್ತದೆ. ಹೊರಗೆ ಬರಲು ದಾರಿ ಸಾಲದಿದ್ದರೆ ಕಾಂಕ್ರೀಟಿನ ಚಕ್ಕೆಯನ್ನೇ ಹಾರಿಸಿಕೊಂಡು ಬರುತ್ತದೆ, ಪಟಾಕಿ ಸಿಡಿದ ಹಾಗೆ. 300 ಡಿಗ್ರಿ ಆಚೆಗೆ ಬಲ ಇಳಿಯತೊಡಗುತ್ತದೆ. 400ರಿಂದ 500ರ ನಡುವೆ ಸಿಮೆಂಟಿನೊಳಗಿನ ಸುಣ್ಣ ಒಡೆಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಕ್ವಾರ್ಟ್ಜ್ ರೂಪ ಬದಲಿಸಿ ತಟ್ಟನೆ ಹಿಗ್ಗುತ್ತದೆ. ಸೌದೆಯ ಬೆಂಕಿ ಸಲೀಸಾಗಿ ಇದಕ್ಕಿಂತ ಮೇಲೆ ಹೋಗುತ್ತದೆ. ಬೆಂಕಿ ಆರಿದ ಮೇಲೂ ಕಥೆ ಮುಗಿಯುವುದಿಲ್ಲ. ಒಡೆದ ಸುಣ್ಣ ಗಾಳಿಯ ತೇವ ಹೀರಿ ಮತ್ತೆ ಉಬ್ಬಿ ಬಿರುಕನ್ನು ಅಗಲ ಮಾಡುತ್ತದೆ.

ಹಾಗಾಗಿ ಬೆಂಕಿ ಉರಿಯುವ ಗೂಡು ಶಾಖ ತಡೆಯುವ ಇಟ್ಟಿಗೆಯದ್ದೋ (ಫೈರ್ ಬ್ರಿಕ್), ಕ್ಯಾಲ್ಸಿಯಂ ಅಲ್ಯೂಮಿನೇಟ್ ಸಿಮೆಂಟಿನಲ್ಲಿ ಮಾಡಿದ ಶಾಖ ತಡೆಯುವ ಕಾಂಕ್ರೀಟಿನದ್ದೋ, ಉಕ್ಕಿನ ಪೆಟ್ಟಿಗೆಯೋ ಆಗಿರಬೇಕು. ಮಾಮೂಲಿ ಕಾಂಕ್ರೀಟು ಅದರ ಸುತ್ತ ಚೌಕಟ್ಟಾಗಿ, ಮೇಲೆ ಹಲಗೆಯಾಗಿ, ಮುಂದೆ ನೆಲದ ಚಪ್ಪಡಿಯಾಗಿ ಇರಲಿ. ಗೂಡಿಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಶಾಖ ತಡೆಯುವ ಸೆರಾಮಿಕ್ ನಾರಿನ ಹಗ್ಗ ತುಂಬಿಸಿ. ಉಕ್ಕು ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸಂದಿಲ್ಲದಿದ್ದರೆ ಕಾಂಕ್ರೀಟನ್ನು ತಳ್ಳಿ ಸೀಳುತ್ತದೆ. ಚೌಕಟ್ಟು ಒಂದೇ ತುಂಡಾಗಿ ಬೇಕು ಅಂತ ಹಟ ಮಾಡಬೇಡಿ. ಮೂರು ತುಂಡಾಗಿ ಮಾಡಿ ನಡುವೆ ಸಂದು ಬಿಟ್ಟದ್ದು ಹೆಚ್ಚು ಕಾಲ ಬಾಳುತ್ತದೆ.

ದೂರದ ಲೆಕ್ಕ ನಿಮ್ಮ ಊರಿನ ನಿಯಮ ಮತ್ತು ಒಲೆಯ ಜೊತೆ ಬಂದ ಪುಸ್ತಕ ಹೇಳಿದ ಹಾಗೆ. ಒಂದು ಅಂದಾಜಿಗೆ ಅಮೆರಿಕದ ಮನೆ ಕಟ್ಟುವ ನಿಯಮ ನೋಡಿ. ಇಟ್ಟಿಗೆಯ ಅಗ್ಗಿಷ್ಟಿಕೆಯ ಬಾಯಿ ಸುಮಾರು ಅರ್ಧ ಚದರ ಮೀಟರಿನ ಒಳಗಿದ್ದರೆ ಮುಂದೆ 40 ಸೆಂಟಿಮೀಟರ್, ಎರಡೂ ಪಕ್ಕ 20 ಸೆಂಟಿಮೀಟರ್ ಉರಿಯದ ನೆಲ ಚಾಚಿಕೊಂಡಿರಬೇಕು. ಬಾಯಿ ದೊಡ್ಡದಾದರೆ 50 ಮತ್ತು 30. ಬಾಯಿಯಿಂದ 15 ಸೆಂಟಿಮೀಟರಿನ ಒಳಗೆ ಮರದ ಅಲಂಕಾರ ಇರುವಂತಿಲ್ಲ. ಕಾಂಕ್ರೀಟ್ ಹಲಗೆಯ ಹಿಂದೆ ಮರದ ಚೌಕಟ್ಟು ಅಡಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಕಾವು ಕಾಂಕ್ರೀಟನ್ನು ದಾಟಿ ಹಿಂದಕ್ಕೂ ಹೋಗುತ್ತದೆ. ಭಾರವನ್ನೂ ಮರೆಯಬೇಡಿ. 150 ಸೆಂಟಿಮೀಟರ್ ಉದ್ದ, 50 ಅಗಲ, 10 ದಪ್ಪದ ಮುಂದಿನ ಚಪ್ಪಡಿಯೊಂದೇ 180 ಕೆಜಿ.

ಹೊಸದರಲ್ಲಿ ದೊಡ್ಡ ಬೆಂಕಿ ಹಾಕುವ ಆಸೆ ತಡೆದುಕೊಳ್ಳಿ. ಗಾರೆ, ಕಾಂಕ್ರೀಟು ಎರಡೂ ನಾಲ್ಕು ವಾರ ಒಣಗಲಿ. ಆಮೇಲೆ ಮೊದಲ ದಿನ ನಾಲ್ಕು ಕಡ್ಡಿಯಷ್ಟು ಬೆಂಕಿ, ಪೂರ್ತಿ ತಣ್ಣಗಾಗಲು ಬಿಡಿ. ಮರುದಿನ ಸ್ವಲ್ಪ ಜಾಸ್ತಿ. ಹೀಗೆ ಐದಾರು ಸಲ ಏರಿಸುತ್ತಾ ಹೋದರೆ ತೇವ ನಿಧಾನವಾಗಿ ಹೊರಗೆ ಹೋಗುತ್ತದೆ. ಬಿಸಿಯಿರುವಾಗ ನೀರು ಎರಚುವುದು, ಒದ್ದೆ ಬಟ್ಟೆ ಹಾಕಿ ಒರೆಸುವುದು ಯಾವತ್ತೂ ಬೇಡ.

ಚೌಕಟ್ಟಿಗೆ ಒಳಗಿಳಿಯುವ ಸೀಲರ್ ಸಾಕು, ಗೂಡಿನೊಳಗೆ ಯಾವುದೂ ಬೇಡ. ಮೇಲಿನ ಹಲಗೆಗೆ ಮೇಣ ಹಚ್ಚಬೇಡಿ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಬೆಂಕಿ ಜೋರಾದ ಸಂಜೆ ಆ ಹಲಗೆ ಅಷ್ಟು ಬಿಸಿಯಾಗಬಹುದು. ಮೇಣದ ಮೇಲೆ ಮಸಿ ಕೂತರೆ ಅದು ಜನ್ಮಕ್ಕಂಟಿದ್ದು.

ಮಸಿ ತೆಗೆಯುವಾಗ ನೀರು ಮೊದಲು ಬೇಡ. ಒದ್ದೆ ಮಾಡಿದರೆ ಮಸಿ ಶಾಯಿಯಾಗಿ ಒಳಗಿಳಿಯುತ್ತದೆ. ಬೆಂಕಿ ಆರಿ ಒಂದು ದಿನ ಆದ ಮೇಲೆ ಮೆತ್ತನೆ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉದುರಿಸಿ. ಉಳಿದದ್ದಕ್ಕೆ ಅಡುಗೆ ಸೋಡಾ ಮುದ್ದೆ ಸವರಿ ಹತ್ತು ನಿಮಿಷ ಬಿಟ್ಟು ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ. ಬಾಯಿಯ ಮೇಲ್ಭಾಗದಲ್ಲಿ ಪದೇ ಪದೇ ಮಸಿ ಕಟ್ಟುತ್ತಿದ್ದರೆ ಅದನ್ನು ಒರೆಸುತ್ತಾ ಕೂರಬೇಡಿ. ಹೊಗೆ ಚಿಮಣಿಗೆ ಹೋಗದೆ ಕೋಣೆಗೆ ಬರುತ್ತಿದೆ ಅಂತ ಅರ್ಥ. ಸೌದೆ ಹಸಿಯಿರಬಹುದು, ಚಿಮಣಿ ಕಟ್ಟಿರಬಹುದು. ಸೌದೆಯ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು, ತೇವ ಅಳೆಯುವ ಮೀಟರಿನ ಎರಡು ಮುಳ್ಳು ಸೀಳಿದ ಕಡೆ ಚುಚ್ಚಿ ನೋಡಿ. ಚಿಮಣಿಯನ್ನು ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ. ಒಳಗೆ ಕಟ್ಟಿದ ಮಸಿ 3 ಮಿಲಿಮೀಟರ್ ದಪ್ಪವಾದರೆ ಗುಡಿಸಲೇಬೇಕು, ಅದಕ್ಕೇ ಬೆಂಕಿ ಹತ್ತಿಕೊಳ್ಳುತ್ತದೆ. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಬೆಂಕಿ ಹಾಕಬೇಡಿ. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಚಿಮಣಿಯೇ ಬೇಡ ಅಂತ ಎಥನಾಲ್ (ಮದ್ಯಸಾರ) ಉರಿಸುವ ಕಾಂಕ್ರೀಟ್ ಬೋಗುಣಿ ತರುವವರಿದ್ದಾರೆ. ಚಿಮಣಿ ಇಲ್ಲದಿದ್ದರೂ ಗಾಳಿ ಬೇಕು. ಒಂದು ಲೀಟರ್ ಎಥನಾಲ್ ಉರಿದರೆ ಸುಮಾರು 900 ಗ್ರಾಂ ನೀರಾವಿ, ಒಂದೂವರೆ ಕೆಜಿ ಕಾರ್ಬನ್ ಡೈಆಕ್ಸೈಡ್ ಕೋಣೆಗೇ ಬರುತ್ತದೆ. ಕಿಟಕಿ ಸ್ವಲ್ಪ ತೆರೆದಿಡಿ. ನಿಜವಾದ ಅಪಾಯ ಇನ್ನೊಂದು. ಎಥನಾಲಿನ ಜ್ವಾಲೆ ಸಣ್ಣದಾದಾಗ ಬೆಳಕಿನಲ್ಲಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಡಬ್ಬಿಯಿಂದ ಸುರಿದರೆ ಬೆಂಕಿ ಸುರಿಯುವ ಧಾರೆ ಹಿಡಿದು ಡಬ್ಬಿಗೇ ಹತ್ತುತ್ತದೆ, ಎದುರು ಕೂತವರ ಮೇಲೆ ಚಿಮ್ಮುತ್ತದೆ. ಪೂರ್ತಿ ಆರಿ, ಬೋಗುಣಿ ಕೈಗೆ ತಣ್ಣಗೆ ತಾಗುವ ತನಕ ತುಂಬಿಸಬೇಡಿ. ಮೇಜಿನ ಮೇಲೆ ಇಟ್ಟು ಬಾಟಲಿಯಿಂದ ನೇರವಾಗಿ ಸುರಿಯುವ ಸಣ್ಣ ಬೋಗುಣಿಗಳನ್ನು ನಾನಂತೂ ಮನೆಗೆ ತರುವುದಿಲ್ಲ. ಇದ್ದಿಲು ಬೋಗುಣಿಯನ್ನು ಮನೆಯೊಳಗೆ ಹಚ್ಚುವ ಮಾತಂತೂ ಬೇಡವೇ ಬೇಡ.

ಇನ್ನು ಬೂದಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ ಹೊರಗೆ, ಮನೆಯಿಂದ ದೂರ, ಉರಿಯದ ನೆಲದ ಮೇಲಿಡಿ. ಪ್ಲಾಸ್ಟಿಕ್ ಬಕೆಟ್ಟು, ಕಾಗದದ ಚೀಲ, ವ್ಯಾಕ್ಯೂಮ್ ಕ್ಲೀನರ್ ಯಾವುದೂ ಬೇಡ. ಸೌದೆ ಸುಡುವ ಗೂಡಿನಲ್ಲಿ ಎರಡು ಸೆಂಟಿಮೀಟರಿನಷ್ಟು ಬೂದಿ ಉಳಿಸಿದರೆ ಮುಂದಿನ ಬೆಂಕಿ ಬೇಗ ಹಿಡಿಯುತ್ತದೆ. ಮುಂದಿನ ಚಪ್ಪಡಿಯ ಮೇಲೆ ಚೆಲ್ಲಿದ್ದನ್ನು ಮಾತ್ರ ಒಣಗಿರುವಾಗಲೇ ಗುಡಿಸಿಬಿಡಿ. ಮಳೆಗಾಲದಲ್ಲಿ ಚಿಮಣಿಯಿಂದ ನಾಲ್ಕು ಹನಿ ಬಿದ್ದು ಬೂದಿ ನೆನೆದರೆ ಅದು ಚೌಳಿನ ನೀರಾಗುತ್ತದೆ, ಚಪ್ಪಡಿಯ ಮೇಲೆ ಕಂದು ಬಣ್ಣದ ಗುರುತು ಬಿಡುತ್ತದೆ. ಅದಕ್ಕೂ ಅಡುಗೆ ಸೋಡಾ ಮುದ್ದೆಯನ್ನೇ ಮೆತ್ತಿ ನೋಡಿ.